ಇಂಗ್ಲಿಷಿನ ‘ಗೆಟ್’ಗೆ ಫಿನ್ನಿಶ್‌ನಲ್ಲಿ ಏನನ್ನಬೇಕು?

ಪ್ರಶ್ನೆ: ಕೆಲಸದ ಮೇಲೆ ಫಿನ್ಲೆಂಡಿನ ಎಸ್ಪೂಗೆ ಬಂದು ನೆಲೆಸಿದ್ದೇನೆ. ಫಿನ್ನಿಶ್ ಕಲಿತು ಅಲ್ಲಿನ ರಾಷ್ಟ್ರೀಯ ಭಾಷಾ ಪರೀಕ್ಷೆಯಾದ ವೈಕೆಐಯನ್ನು ಮಧ್ಯಮ ಹಂತದಲ್ಲಿ ಬರೆಯಬೇಕೆಂದಿದ್ದೇನೆ. ಇಂಗ್ಲಿಷಿನ ‘ಗೆಟ್’ ಪದವನ್ನು ನಿಘಂಟಿನಲ್ಲಿ ನೋಡಿದರೆ ಸಾಲುಸಾಲಾಗಿ ಫಿನ್ನಿಶ್ ಕ್ರಿಯಾಪದಗಳು. ಯಾವುದನ್ನು ಎಲ್ಲಿ ಬಳಸಬೇಕೆಂದು ತಿಳಿಯುತ್ತಿಲ್ಲ. ಎಲ್ಲ ಕಡೆ ‘ಸಾದ’ ಎಂದೇ ಹೇಳುತ್ತಿದ್ದೇನೆ, ಎದುರಿಗಿದ್ದವರು ಒಂದು ಕ್ಷಣ ತಡವರಿಸುತ್ತಾರೆ. ಇದಕ್ಕೇನಾದರೂ ದಾರಿ ಇದೆಯೇ? ಯಾವ ನಿಘಂಟು ನೋಡಬೇಕು?

ಉತ್ತರ: ದಾರಿ ಇದೆ, ಅದು ಕನ್ನಡದ ಮೂಲಕವೇ ಹೋಗುತ್ತದೆ. ನಿಮ್ಮ ತೊಡಕು ಫಿನ್ನಿಶ್‌ನಿಂದ ಬಂದದ್ದಲ್ಲ, ನಡುವೆ ನಿಂತಿರುವ ಇಂಗ್ಲಿಷಿನಿಂದ ಬಂದದ್ದು. ಕಾಗದ ಸಿಕ್ಕಿತು, ದಣಿವಾಯಿತು, ಒಳಗೆ ಬಿಟ್ಟರು, ಸಿಕ್ಕಿಬಿದ್ದ, ಅರ್ಥವಾಯಿತು, ಮಗುವನ್ನು ಕರೆತಂದೆ, ಕಾರು ರಿಪೇರಿ ಮಾಡಿಸಿದೆ: ಇವಿಷ್ಟನ್ನೂ ಇಂಗ್ಲಿಷಿನವರು ‘ಗೆಟ್’ ಒಂದರಲ್ಲೇ ಹೇಳಿಬಿಡಬಲ್ಲರು. ಕನ್ನಡದಲ್ಲಿ ಯಾರೂ ಇವನ್ನೆಲ್ಲ ಒಂದೇ ಕ್ರಿಯಾಪದದಿಂದ ಹೇಳುವುದಿಲ್ಲ. ಫಿನ್ನಿಶ್‌ನಲ್ಲೂ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಕನ್ನಡ ಇವನ್ನು ಬೇರ್ಪಡಿಸುವ ಗೆರೆಗಳೂ ಫಿನ್ನಿಶ್ ಬೇರ್ಪಡಿಸುವ ಗೆರೆಗಳೂ ಬಹಳ ಕಡೆ ಒಂದರ ಮೇಲೊಂದು ಕೂರುತ್ತವೆ. ಆದ್ದರಿಂದ ‘ಗೆಟ್’ಗೆ ಫಿನ್ನಿಶ್ ಏನು ಎಂದು ಕೇಳಿಕೊಳ್ಳುವ ಬದಲು, ಇದನ್ನು ಮನೆಯಲ್ಲಿ ಕನ್ನಡದಲ್ಲಿ ಹೇಗೆ ಹೇಳುತ್ತಿದ್ದೆ ಎಂದು ಮೊದಲು ಕೇಳಿಕೊಳ್ಳಿ. ಆ ಉತ್ತರ ಸಿಕ್ಕ ಮೇಲೆ ಫಿನ್ನಿಶ್ ಕ್ರಿಯಾಪದವನ್ನು ಆರಿಸುವುದು ಅರ್ಧ ಮುಗಿದಂತೆ.

ಉಚ್ಚಾರದ ಬಗ್ಗೆ ಒಂದು ಮಾತು. ಎಲ್ಲ ಓದುಗರಿಗೂ ಅನುಕೂಲವಾಗಲೆಂದು ಫಿನ್ನಿಶ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಮೇಲೆ ಎರಡು ಚುಕ್ಕಿ ಇರುವ ‘ಅ’ ಅಕ್ಷರಕ್ಕೆ ‘ಬ್ಯಾಂಕ್’ ಪದದಲ್ಲಿ ಕೇಳುವ ಸ್ವರ ಹಾಕಿದ್ದೇನೆ. ಅದರ ಹ್ರಸ್ವ ದೀರ್ಘಗಳನ್ನು ನಮ್ಮ ಲಿಪಿ ತೋರಿಸಲಾರದು, ನಿಮ್ಮ ಪಠ್ಯದಲ್ಲಿ ನೋಡಿಕೊಳ್ಳಿ. ಉದಾಹರಣೆಗಳನ್ನು ಹೆಚ್ಚಾಗಿ ‘ನಾನು’ ಎಂಬ ಕರ್ತೃವಿನ ಭೂತಕಾಲದಲ್ಲಿ ಕೊಟ್ಟಿದ್ದೇನೆ. ಕೊನೆಯ ‘ನ್’ ಅಕ್ಷರವೇ ‘ನಾನು’ ಎಂದು ಹೇಳಿಬಿಡುತ್ತದೆ, ನಮ್ಮ ‘ಬಂದೆ’, ‘ಹೋದೆ’ಗಳ ‘ಎ’ ಹೇಳುವ ಹಾಗೆ.

ಮೊದಲು ನಿಮ್ಮ ‘ಸಾದ’. ಇದು ‘ಪಡೆ’, ‘ಸಿಗು’ ಎಂಬ ಅರ್ಥದ್ದು. ‘ಸೈನ್ ಕಿರ್‌ಯೇನ್’ ಎಂದರೆ ನನಗೆ ಕಾಗದ ಸಿಕ್ಕಿತು. ಇಲ್ಲಿ ಕನ್ನಡದವರು ಒಂದು ಕಡೆ ಎಡವುತ್ತಾರೆ. ಕನ್ನಡದಲ್ಲಿ ಕಾಗದ ಕರ್ತೃ, ನಾನು ಚತುರ್ಥಿಯಲ್ಲಿ ‘ನನಗೆ’ ಆಗಿ ನಿಲ್ಲುತ್ತೇನೆ. ಫಿನ್ನಿಶ್‌ನ ‘ಸಾದ’ದಲ್ಲಿ ಕರ್ತೃ ನಾನೇ, ಕಾಗದ ಕರ್ಮ. ‘ನನಗೆ’ ಎಂಬುದಕ್ಕೆ ಫಿನ್ನಿಶ್‌ನ ‘ಮಿನುಲ್ಲೆ’ ಹಾಕಿ ‘ಮಿನುಲ್ಲೆ ಸೈನ್’ ಎಂದರೆ ವಾಕ್ಯ ಕೆಡುತ್ತದೆ. ‘ನನಗೆ’ ಎಂದೇ ಶುರುಮಾಡುವ ಆಸೆ ಬಿಡದಿದ್ದರೆ ಅದಕ್ಕೂ ಒಂದು ವಾಕ್ಯವಿದೆ: ‘ಮಿನುಲ್ಲೆ ತುಲಿ ಕಿರ್‌ಯೆ’, ನನಗೆ ಕಾಗದ ಬಂತು. ‘ತುಲಿ’ ಎಂದರೆ ಬಂತು. ಇದು ಸೊಗಸಾದ, ದಿನಬಳಕೆಯ ಫಿನ್ನಿಶ್ ವಾಕ್ಯ, ಅನುವಾದದ ವಾಸನೆ ಇದಕ್ಕಿಲ್ಲ.

‘ಸಾದ’ದ ಜೊತೆ ಬರುವ ಕರ್ಮಕ್ಕೆ ಯಾವ ವಿಭಕ್ತಿ ಎಂಬುದು ಪರೀಕ್ಷೆಯಲ್ಲಿ ಅಂಕ ತಿನ್ನುವ ಜಾಗ. ಇಡೀ ವಸ್ತು ಕೈಸೇರಿದರೆ ‘ಕಿರ್‌ಯೇನ್’. ಒಂದಿಷ್ಟು ಮಾತ್ರ, ಎಷ್ಟೆಂದು ಗೊತ್ತಿಲ್ಲ ಎಂದಾದರೆ ಪಾರ್ತಿತೀವಿ, ಅಂದರೆ ಭಾಗಸೂಚಕ ವಿಭಕ್ತಿ: ‘ಸೈನ್ ರಹಾ’, ಸ್ವಲ್ಪ ದುಡ್ಡು ಸಿಕ್ಕಿತು. ಬರಬೇಕಾಗಿದ್ದ ದುಡ್ಡು ಬಂತು ಎಂದಾದರೆ ‘ಸೈನ್ ರಹತ್’. ಸಿಗಲಿಲ್ಲ ಎಂದಾದರೆ ವಸ್ತು ಇಡಿಯಾಗಿದ್ದರೂ ಪಾರ್ತಿತೀವಿಯೇ: ‘ಎನ್ ಸಾನುತ್ ಕಿರ್‌ಯೆತ್ತ್ಯಾ’. ನಿಷೇಧ ಬಂದ ಕೂಡಲೇ ಕರ್ಮದ ವಿಭಕ್ತಿ ಬದಲಾಗುವ ಈ ಪದ್ಧತಿ ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಬಾಯಿಗೆ ಹತ್ತುವವರೆಗೆ ಹೇಳಿ ಹೇಳಿಯೇ ಕಲಿಯಬೇಕು.

ಇದೇ ‘ಸಾದ’ಕ್ಕೆ ಅನುಮತಿಯ ಅರ್ಥವೂ ಇದೆ. ಫಿನ್ಲೆಂಡಿನ ಮನೆಗಳ ಗೋಡೆಯ ವಿದ್ಯುತ್ ಹೀಟರುಗಳ ಮೇಲೆ ‘ಏಯ್ ಸಾ ಪೇಯ್ತ್ತ್ಯಾ’ ಎಂದು ಅಚ್ಚಾಗಿರುತ್ತದೆ, ನೀವೂ ನೋಡಿರುತ್ತೀರಿ. ಮುಚ್ಚಕೂಡದು ಎಂದರ್ಥ. ಪಕ್ಕದಲ್ಲಿ ಸ್ವೀಡಿಶ್‌ನಲ್ಲೂ ಅದೇ ಎಚ್ಚರಿಕೆ ಇರುತ್ತದೆ. ಸ್ವೀಡಿಶ್ ಅಲ್ಲಿನ ಎರಡನೆಯ ರಾಷ್ಟ್ರಭಾಷೆ, ಅಲ್ಲೂ ಪಡೆಯುವುದಕ್ಕೆ ಮತ್ತು ಅನುಮತಿಗೆ ಒಂದೇ ಕ್ರಿಯಾಪದ. ಹೋಟೆಲಿನಲ್ಲಿ ‘ಸಾಂಕೊ ಲಸ್ಕುನ್’ ಎಂದರೆ ಬಿಲ್ ಕೊಡ್ತೀರಾ. ‘ಸೈಸಿಂಕೊ ಕಹ್ವಿನ್’ ಎಂದರೆ ಒಂದು ಕಾಫಿ ಕೊಡಬಹುದಾ, ಇನ್ನಷ್ಟು ವಿನಯದಿಂದ. ಫಿನ್ನಿಶ್‌ನಲ್ಲಿ ‘ದಯವಿಟ್ಟು’ ಎಂಬುದಕ್ಕೆ ಬೇರೆ ಪದವಿಲ್ಲ ಎಂದು ಹೊಸಬರು ಕೊರಗುತ್ತಾರೆ. ಆ ವಿನಯ ಕ್ರಿಯಾಪದದ ಒಳಗೇ ಇದೆ.

ಈಗ ನಿಮಗೆ ಅತ್ಯಂತ ಹೆಚ್ಚು ಕೆಲಸಕ್ಕೆ ಬರುವ ಜೋಡಿ: ‘ಪ್ಯಾಸ್ತ್ಯಾ’ ಮತ್ತು ‘ಯೊವುತುವ’. ಒಂದು ಜಾಗಕ್ಕೆ, ಸ್ಥಿತಿಗೆ, ಅವಕಾಶಕ್ಕೆ ಹೋಗಿ ಮುಟ್ಟುವುದನ್ನು ಫಿನ್ನಿಶ್ ಎರಡಾಗಿ ಸೀಳುತ್ತದೆ. ಬೇಕೆಂದು ಹೋಗಿ ದಾರಿ ತೆರೆದುಕೊಂಡರೆ ‘ಪ್ಯಾಸ್ತ್ಯಾ’. ಬೇಡದಿದ್ದರೂ ಹೋಗಿ ಬಿದ್ದರೆ ‘ಯೊವುತುವ’. ‘ಪ್ಯಾಸಿನ್ ಯುಲಿಯೊಪಿಸ್ತೋನ್’ ಎಂದರೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ‘ಯೊವುತುಯಿ ವಂಕಿಲಾನ್’ ಎಂದರೆ ಜೈಲುಪಾಲಾದ. ಕನ್ನಡದಲ್ಲಿ ‘ವಿಶ್ವವಿದ್ಯಾಲಯದ ಪಾಲಾದ’ ಎಂದು ಯಾರಾದರೂ ಹೇಳಿದರೆ ಕಿವಿಗೆ ಹೇಗೆ ಕೇಳುತ್ತದೋ, ಫಿನ್ನರ ಕಿವಿಗೆ ತಪ್ಪು ಆಯ್ಕೆ ಹಾಗೆಯೇ ಕೇಳುತ್ತದೆ. ಜೈಲಿನಿಂದ ಹೊರಬಂದರೆ ಮತ್ತೆ ‘ಪ್ಯಾಸಿ ವಂಕಿಲಸ್ತ’, ಬಿಡುಗಡೆಯಾದ.

ಆಸ್ಪತ್ರೆಯ ಉದಾಹರಣೆಯಲ್ಲಿ ಇದರ ಸೂಕ್ಷ್ಮ ಚೆನ್ನಾಗಿ ಕಾಣುತ್ತದೆ. ‘ಯೊವುದುಯಿನ್ ಸೈರಾಲಾನ್’ ಎಂದರೆ ಆಸ್ಪತ್ರೆ ಸೇರಬೇಕಾಯಿತು. ‘ಪ್ಯಾಸಿನ್ ಸೈರಾಲಾನ್’ ಎಂದರೂ ಆಸ್ಪತ್ರೆ ಸೇರಿದೆ, ಆದರೆ ಕಾದು ಕೂತಿದ್ದವರಿಗೆ ಕೊನೆಗೂ ಹಾಸಿಗೆ ಸಿಕ್ಕಿದ ನೆಮ್ಮದಿ ಅದರಲ್ಲಿದೆ. ‘ಪ್ಯಾಸಿನ್ ಸೈರಾಲಸ್ತ’ ಎಂದರೆ ಡಿಸ್ಚಾರ್ಜ್ ಆಯಿತು. ಹೇಳುವವರ ಮನಸ್ಸು ಯಾವ ಕಡೆಗಿತ್ತು ಎಂಬುದನ್ನು ಕ್ರಿಯಾಪದವೇ ಹೇಳುತ್ತದೆ, ‘ಪಾಪ’, ‘ಸದ್ಯ’ ಎಂದು ಬೇರೆ ಸೇರಿಸಬೇಕಿಲ್ಲ. ಇಂಗ್ಲಿಷಿನ ‘ಗೆಟ್’ನಲ್ಲಿ ಈ ಮಾಹಿತಿ ಪೂರ್ತಿ ಕಳೆದುಹೋಗಿದೆ. ಇದಕ್ಕಾಗಿ ಫಿನ್ನಿಶ್ ನನಗೆ ಬಹಳ ಪ್ರಿಯ.

‘ಪ್ಯಾಸ್ತ್ಯಾ’ಗೆ ಕನ್ನಡದ ಕೀಲಿ ಹುಡುಕಿದರೆ ‘ಬಿಡು’ ಎಂಬುದರ ಸುತ್ತ ಸಿಗುತ್ತದೆ. ಒಳಗೆ ಬಿಟ್ಟರು, ಸ್ಕೂಲು ಬಿಟ್ಟಿತು, ಆಫೀಸು ಆರಕ್ಕೆ ಬಿಡುತ್ತೆ ಎನ್ನುತ್ತೇವಲ್ಲ, ಅಲ್ಲೆಲ್ಲ ಒಳಗೆ ಹೋದವನನ್ನೋ ಹೊರಗೆ ಬಂದವನನ್ನೋ ಕರ್ತೃ ಮಾಡಿದರೆ ‘ಪ್ಯಾಸ್ತ್ಯಾ’ ಬರುತ್ತದೆ. ‘ಪ್ಯಾಸಿನ್ ತ್ಯೊಯ್ಸ್ತ್ಯಾ’ ಎಂದರೆ ಕೆಲಸ ಬಿಟ್ಟಿತು, ಈವತ್ತಿನ ಮಟ್ಟಿಗೆ. ಈ ಕ್ರಿಯಾಪದದ ಕೊನೆಯ ಸ್ವರವನ್ನು ಎಳೆದು ದೀರ್ಘ ಮಾಡಿದರೆ ‘ಬಿಡು’, ‘ಹೋಗಗೊಡು’ ಎಂಬ ಸಕರ್ಮಕ ಕ್ರಿಯಾಪದವೇ ಆಗುತ್ತದೆ. ಇನ್ನೊಂದು ಬಳಕೆಯನ್ನು ಇವತ್ತೇ ಕಲಿಯಿರಿ: ‘ಎನ್ ಪ್ಯಾಸೆ ಹುವೊಮೆನ್ನ’, ನಾಳೆ ನನಗೆ ಬರಲಾಗುವುದಿಲ್ಲ. ಮೀಟಿಂಗಿಗೆ, ಊಟಕ್ಕೆ, ಮಗುವಿನ ಶಾಲೆಯ ಸಭೆಗೆ ಬರಲಾಗದಿದ್ದರೆ ಹೇಳುವುದು ಇದನ್ನೇ. ಇಲ್ಲಿ ‘ಸಾದ’ ಬಳಸಿದರೆ ಬರಲು ಯಾರೋ ಅನುಮತಿ ಕೊಡಲಿಲ್ಲ ಎಂದಾಗುತ್ತದೆ. ಎದುರಿಗಿದ್ದವರು ತಡವರಿಸುವುದಕ್ಕೆ ಇಂಥದ್ದೇ ಕಾರಣವಿದ್ದೀತು.

ಈ ಕ್ರಿಯಾಪದಗಳ ಮುಂದೆ ಇನ್ನೊಂದು ಕ್ರಿಯೆ ಬಂದಾಗ ವ್ಯತ್ಯಾಸ ಮತ್ತೂ ಸ್ಪಷ್ಟ. ಹೊರಡುವುದನ್ನೇ ತೆಗೆದುಕೊಳ್ಳಿ. ‘ಸೈನ್ ಲ್ಯಾಹ್ತೆಯಾ’: ಹೊರಡಲು ನನಗೆ ಅನುಮತಿ ಸಿಕ್ಕಿತು. ‘ಪ್ಯಾಸಿನ್ ಲ್ಯಾಹ್ತೆಮ್ಯಾನ್’: ಕೊನೆಗೂ ಹೊರಡಲು ಸಾಧ್ಯವಾಯಿತು. ‘ಯೊವುದುಯಿನ್ ಲ್ಯಾಹ್ತೆಮ್ಯಾನ್’: ಹೊರಡಬೇಕಾಗಿ ಬಂತು, ಮನಸ್ಸಿಲ್ಲದಿದ್ದರೂ. ‘ಎಹ್ದಿನ್ ಲ್ಯಾಹ್ತೆಯಾ’: ಹೊರಡುವಷ್ಟು ಹೊತ್ತು ಸಿಕ್ಕಿತು. ‘ಸಾದ’ ಮತ್ತು ‘ಎಹ್ತಿಯಾ’ಗಳ ಮುಂದೆ ಕ್ರಿಯಾಪದ ನಿಘಂಟಿನ ರೂಪದಲ್ಲೇ ನಿಲ್ಲುತ್ತದೆ. ‘ಪ್ಯಾಸ್ತ್ಯಾ’, ‘ಯೊವುತುವ’ಗಳ ಮುಂದೆ ‘ಮಾನ್’ ಅಥವಾ ‘ಮ್ಯಾನ್’ ಪ್ರತ್ಯಯ ಹತ್ತುತ್ತದೆ, ಏಕೆಂದರೆ ಅವೆರಡರಲ್ಲೂ ಎಲ್ಲಿಗೋ ಹೋಗುವ ಭಾವವಿದೆ. ದಂಡ ಕಟ್ಟಬೇಕಾಯಿತು ಎಂಬುದು ‘ಯೊವುದುಯಿನ್ ಮಕ್ಸಮಾನ್ ಸಕೊನ್’. ಕೇವಲ ಕರ್ತವ್ಯ, ‘ಹೊರಡಬೇಕು’ ಎಂದಾದರೆ ಈ ಯಾವುದೂ ಬೇಡ. ‘ಮಿನುನ್ ತ್ಯಾಯ್ತ್ಯೂ ಲ್ಯಾಹ್ತೆಯಾ’ ಸಾಕು. ಅಲ್ಲಿ ‘ಮಿನುನ್’ ಷಷ್ಠಿ, ‘ನನ್ನ’. ಇಂಗ್ಲಿಷಿನವರು ‘ಗಾಟ್ ಟು’ ಎಂದು ಇಲ್ಲೂ ತಮ್ಮ ಪದವನ್ನು ತೂರಿಸುತ್ತಾರೆ, ಮೋಸಹೋಗಬೇಡಿ. ‘ನನ್ನ ಹತ್ತಿರ ಇದೆ’ ಎಂಬ ಅರ್ಥದ ‘ಐ ಹ್ಯಾವ್ ಗಾಟ್’ ಕೂಡ ಹಾಗೆಯೇ. ಅದು ಬರೀ ‘ಮಿನುಲ್ಲ ಒನ್’, ಅಕ್ಷರಶಃ ‘ನನ್ನಲ್ಲಿ ಇದೆ’.

‘ಟೈರ್ಡ್’, ‘ಆಂಗ್ರಿ’, ‘ವೆಟ್’ ಮುಂತಾದ ಗುಣಪದಗಳ ಹಿಂದೆ ‘ಗೆಟ್’ ಸೇರಿಸಿ ಹೇಳುವುದನ್ನು ಕಲಿತು ಬಂದವರಿಗೆ ಫಿನ್ನಿಶ್ ಕಷ್ಟವಾಗುತ್ತದೆ. ಕನ್ನಡದಿಂದ ನೇರವಾಗಿ ಬಂದರೆ ಕಷ್ಟವೇ ಇಲ್ಲ. ನಮ್ಮಲ್ಲಿ ದಣಿ, ಮುನಿ, ನೆನೆ, ಸೊರಗು, ಕೊಬ್ಬು ಎಂದು ಒಂದೊಂದೇ ಕ್ರಿಯಾಪದಗಳಿವೆಯಲ್ಲ. ದಣಿದೆ ‘ವ್ಯಾಸ್ಯುಯಿನ್’. ಮುನಿದೆ ‘ಸೂತುಯಿನ್’. ನೆನೆದೆ ‘ಕಸ್ತುಯಿನ್’. ಸೊರಗಿದೆ ‘ಲೈಹ್ದುಯಿನ್’, ಮೈ ಬಂತು ‘ಲಿಹೊಯಿನ್’. ದಾರಿ ತಪ್ಪಿದೆ ‘ಎಕ್ಸ್ಯುಯಿನ್’. ಕತ್ತಲಾಯಿತು ‘ಪಿಮೆನಿ’. ಕೆರೆ ಹೆಪ್ಪುಗಟ್ಟಿತು ‘ಯ್ಯಾರ್ವಿ ಯ್ಯಾತ್ಯುಯಿ’. ಇವುಗಳಲ್ಲಿ ಬಹಳಷ್ಟರ ನಿಘಂಟುರೂಪ ‘ಉವ’ ಅಥವಾ ‘ಯುಯ್ಯಾ’ ಎಂದು ಮುಗಿಯುತ್ತದೆ. ಹಾಗೆ ಮುಗಿಯುವ ಹೊಸ ಕ್ರಿಯಾಪದ ಕಂಡರೆ ಇದು ತಾನಾಗಿ ಆಗುವ ಬದಲಾವಣೆ ಇರಬಹುದು ಎಂದು ಊಹಿಸಿ ನೋಡಿ. ಊಹೆ ಹೆಚ್ಚಾಗಿ ಸರಿಹೋಗುತ್ತದೆ. ಒಂಟಿ ಕ್ರಿಯಾಪದ ಇಲ್ಲದ ಕಡೆ ‘ತುಲಿ’ಯ ಜೊತೆ ‘ಕ್ಸಿ’ ಪ್ರತ್ಯಯ: ‘ತುಲಿ ಹುಲ್ಲುಕ್ಸಿ’, ಹುಚ್ಚನಾದ. ಈ ‘ಕ್ಸಿ’ ನಮ್ಮ ‘ಆಗಿ’ಗೆ ಬಹಳ ಹತ್ತಿರ.

ಇನ್ನೂ ಸಂತೋಷದ ವಿಷಯ ವಿಭಕ್ತಿಯಲ್ಲಿದೆ. ಚಳಿಗೆ ಒಗ್ಗಿಕೊಂಡೆ ಎನ್ನುತ್ತೇವೆ, ‘ಚಳಿಯೊಂದಿಗೆ’ ಎನ್ನುವುದಿಲ್ಲ. ಫಿನ್ನಿಶ್‌ನಲ್ಲಿ ‘ತೊತುಯಿನ್ ಪಕ್ಕಸೇನ್’. ಆ ‘ಏನ್’ ಒಳಕ್ಕೆ ಹೋಗುವ ವಿಭಕ್ತಿ, ನಮ್ಮ ‘ಗೆ’ ಮಾಡುವ ಕೆಲಸವನ್ನೇ ಮಾಡುತ್ತಿದೆ. ನೆಗಡಿಗೆ ತುತ್ತಾದೆ ಎಂಬುದು ‘ಸೈರಸ್ತುಯಿನ್ ಫ್ಲುನ್ಸ್ಸಾನ್’, ಅಲ್ಲೂ ಅದೇ ವಿಭಕ್ತಿ. ಹಸಿವಾಯಿತು ಎನ್ನುವಾಗ ಕನ್ನಡದವರು ನಿರಾಳವಾಗಿ ಮಾತಾಡಬಹುದು: ‘ಮಿನುಲ್ಲೆ ತುಲಿ ನ್ಯಾಲ್ಕ್ಯಾ’, ನನಗೆ ಬಂತು ಹಸಿವು. ಹಸಿವಾಗಿದೆ ಎಂಬ ಸ್ಥಿತಿಗೆ ‘ಮಿನುಲ್ಲ ಒನ್ ನ್ಯಾಲ್ಕ್ಯಾ’. ಮಾತಿನಲ್ಲಿ ಇವು ‘ಮುಲ್ಲೆ ತುಲಿ’, ‘ಮುಲ್ಲ ಒನ್’ ಎಂದು ಸವೆದಿರುತ್ತವೆ. ‘ಮೇಷ್ಟ್ರಾದೆ’ ಎನ್ನಲು ಮಾತ್ರ ಫಿನ್ನಿಶ್ ತನ್ನದೇ ದಾರಿ ಹಿಡಿಯುತ್ತದೆ: ‘ಮಿನುಸ್ತ ತುಲಿ ಒಪೆತ್ತಯ’, ನನ್ನೊಳಗಿಂದ ಒಬ್ಬ ಮೇಷ್ಟ್ರು ಬಂದ.

ಈ ಹೋಲಿಕೆಗಳನ್ನು ಕಂಡು ಎರಡೂ ಭಾಷೆಗಳು ಒಂದೇ ಬುಡದವೇ ಎಂದು ಕೇಳುವವರಿದ್ದಾರೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅಂಥ ನಂಟನ್ನು ಸೂಚಿಸಿದ್ದರು. ಅವರು ‘ಸಿಥಿಯನ್’ ಎಂದು ಕರೆದ ಗುಂಪಿನಲ್ಲಿ ಫಿನ್ನಿಶ್ ಕೂಡ ಇತ್ತು. ಇಂದಿನ ಭಾಷಾವಿಜ್ಞಾನ ಅದನ್ನು ಒಪ್ಪುವುದಿಲ್ಲ. ಫಿನ್ನಿಶ್ ಉರಾಲಿಕ್ ಕುಟುಂಬದ್ದು, ಎಸ್ಟೋನಿಯನ್, ಸಾಮಿ, ಹಂಗೇರಿಯನ್‌ಗಳು ಅದರ ಬಂಧುಗಳು. ಪದದ ಬುಡಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಜೋಡಿಸುವ ಭಾಷೆಗಳು ಬೇರೆಬೇರೆಯಾಗಿ ಬೆಳೆದೂ ಒಂದೇ ಬಗೆಯ ಉಪಾಯ ಕಂಡುಕೊಂಡಿವೆ. ಕಲಿಯುವವರಿಗೆ ಅಷ್ಟು ಸಾಕು.

ಆ ಉಪಾಯಗಳಲ್ಲಿ ಒಂದು ಪ್ರೇರಣಾರ್ಥಕ. ಕಾರು ರಿಪೇರಿ ಮಾಡಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಗೆಟ್ ದ ಕಾರ್ ರಿಪೇರ್ಡ್’ ಎಂದು ಸುತ್ತಬೇಕು. ಕನ್ನಡದಲ್ಲಿ ಮಾಡು, ಮಾಡಿಸು. ಹೊಲಿ, ಹೊಲಿಸು. ಫಿನ್ನಿಶ್‌ನಲ್ಲೂ ಕ್ರಿಯಾಪದದೊಳಗೆ ಒಂದು ಪ್ರತ್ಯಯ ತೂರಿಸಿದರೆ ಆಯಿತು. ‘ಕೊರ್‌ಯಸಿನ್ ಔತೊನ್’ ಎಂದರೆ ಕಾರನ್ನು ನಾನೇ ರಿಪೇರಿ ಮಾಡಿದೆ, ‘ಕೊರ್‌ಯೌತಿನ್ ಔತೊನ್’ ಎಂದರೆ ಮಾಡಿಸಿದೆ. ‘ತೇನ್’ ಮಾಡುತ್ತೇನೆ, ‘ತೇತಿನ್’ ಮಾಡಿಸಿದೆ. ‘ತೇತಿನ್ ಪುವುನ್’ ಎಂದರೆ ಸೂಟ್ ಹೊಲಿಸಿದೆ. ಒಬ್ಬರ ಮನ ಒಲಿಸಿ ಏನನ್ನಾದರೂ ಮಾಡಿಸಿದರೆ ಮಾತ್ರ ‘ಸಾದ’ ಮತ್ತೆ ಬರುತ್ತದೆ: ‘ಸೈನ್ ಹ್ಯಾನೆತ್ ನೌರಮಾನ್’, ಅವಳನ್ನು ನಗಿಸಿಬಿಟ್ಟೆ. ಕೈಗೆತ್ತಿಕೊಂಡ ಕೆಲಸ ಮಾಡಿ ಮುಗಿಸಿದೆ ಎಂಬುದಕ್ಕೂ ‘ಸೈನ್ ತ್ಯೊನ್ ತೆಹ್ತ್ಯುಯಾ’ ಎಂದು ಅದೇ.

ತರುವ, ಕರೆತರುವ ಅರ್ಥದ ‘ಗೆಟ್’ ಸುಲಭ. ಅದು ‘ಹಕೆಯ’. ಡೇಕೇರಿನಿಂದ ಮಕ್ಕಳನ್ನು ಕರೆತರುತ್ತೇನೆ ಎಂದರೆ ‘ಹಯೆನ್ ಲಪ್ಸೆತ್ ಪ್ಯಾಯ್ವ್ಯಾಕೊದಿಸ್ತ’. ಕೆಲಸಕ್ಕೆ ಅರ್ಜಿ ಹಾಕುವುದಕ್ಕೂ ಇದೇ ಕ್ರಿಯಾಪದ, ಆದರೆ ಆಗ ಕರ್ಮ ಪಾರ್ತಿತೀವಿಯಲ್ಲಿರಬೇಕು: ‘ಹೈನ್ ತ್ಯೊಯ್ತ್ಯಾ’, ಕೆಲಸ ಹುಡುಕಿ ಅರ್ಜಿ ಹಾಕಿದೆ. ಕೆಲಸ ಸಿಕ್ಕಿದ ಮೇಲೆ ‘ಸಾದ’ಕ್ಕೆ ಹೋಗಿ. ಕೆಲಸದಿಂದ ತೆಗೆದರೂ ‘ಸಾದ’ವೇ: ‘ಸೈನ್ ಪೊತ್ಕುತ್’, ಅಕ್ಷರಶಃ ಒದೆಗಳು ಸಿಕ್ಕವು. ‘ಅರ್ಥವಾಗಲಿಲ್ಲ’ ಎಂಬ ‘ಗೆಟ್’ಗೆ ಮಾತಿನಲ್ಲಿ ‘ಎನ್ ತಯುವ’ ಸಾಕು. ಮದುವೆಯಾಗುವುದು ಮಾತ್ರ ಹೋಗುವ ಕ್ರಿಯೆ: ‘ಮೆನಿನ್ ನೈಮಿಸೀನ್’. ಕಾರಣ ಹುಡುಕದೆ ಬಾಯಿಪಾಠ ಮಾಡಿಬಿಡಿ.

ಈಗ ಕನ್ನಡವೇ ನಿಮ್ಮನ್ನು ತಪ್ಪುದಾರಿಗೆ ಎಳೆಯುವ ಜಾಗ. ಇಲ್ಲಿ ಎಚ್ಚರ ಬೇಕು. ‘ಫೋನು ಬಸ್ಸಿನಲ್ಲಿ ಉಳಿದುಬಿಟ್ಟಿತು’ ಎಂದು ನಾವು ಸಪ್ತಮಿ ಹಾಕುತ್ತೇವೆ. ಫಿನ್ನಿಶ್ ‘ಪುಹೆಲಿನ್ ಯ್ಯಾಯಿ ಬುಸ್ಸೀನ್’ ಎನ್ನುತ್ತದೆ, ಬಸ್ಸಿನೊಳಕ್ಕೆ ಉಳಿಯಿತು. ‘ಯ್ಯಾದ್ಯಾ’ ಎಂಬ ಈ ಕ್ರಿಯಾಪದಕ್ಕೆ ಉಳಿಯುವುದು ಕೂಡ ಒಂದು ಕಡೆಗೆ ಆಗುವ ಚಲನೆ. ಮನೆಯಲ್ಲೇ ಉಳಿದೆ ಎಂಬುದೂ ‘ಯ್ಯಾಯಿನ್ ಕೊತೀನ್’, ಮನೆಗೆ ಉಳಿದೆ. ಸಿಕ್ಕಿಬೀಳುವುದು ‘ಯ್ಯಾಯಿ ಕೀನ್ನಿ’, ಕಾರಿನಡಿ ಸಿಲುಕುವುದು ‘ಯ್ಯಾಯಿ ಔತೊನ್ ಅಲ್ಲೆ’, ವಿಧವೆಯಾಗುವುದು ‘ಯ್ಯಾಯಿ ಲೆಸ್ಕೆಕ್ಸಿ’. ಬಸ್ಸಿನಿಂದ ಇಳಿಯುವುದಕ್ಕೂ ‘ಯ್ಯಾಯಿನ್ ಪೊಯಿಸ್’. ಹಾಗೆಯೇ ‘ಅಂಗಡಿಯಲ್ಲಿ ತಗೊಂಡೆ’ ಎನ್ನುವಾಗ ನಮ್ಮ ಬಾಯಿಗೆ ಸಪ್ತಮಿ ಬರುತ್ತದೆ. ಫಿನ್ನಿಶ್‌ಗೆ ಪಂಚಮಿಯೇ ಬೇಕು: ‘ಒಸ್ತಿನ್ ಕೌಪಸ್ತ’, ಅಂಗಡಿಯಿಂದ ಕೊಂಡೆ. ಬೀಗದಕೈ ಜೇಬಿನಲ್ಲಿ ಸಿಕ್ಕಿತು ಎಂಬುದೂ ‘ಲ್ಯೊಯ್ಸಿನ್ ಅವೈಮೆನ್ ತಸ್ಕುಸ್ತ’, ಜೇಬಿನಿಂದ. ಕನ್ನಡದ ಸಪ್ತಮಿಯನ್ನು ಹಾಗೆಯೇ ಹೊತ್ತೊಯ್ದರೆ ಪ್ರತಿಸಲವೂ ತಪ್ಪಾಗುತ್ತದೆ. ವಸ್ತು ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂದು ಯೋಚಿಸಿ, ಆಮೇಲೆ ಪ್ರತ್ಯಯ ಹಾಕಿ.

ಕಳವಾಯಿತು ಎನ್ನುವಾಗಲೂ ಪಂಚಮಿ: ‘ಮಿನುಲ್ತ ವರಸ್ತೆತ್ತೀನ್ ಪ್ಯುಯೊರ್ಯಾ’, ನನ್ನಿಂದ ಸೈಕಲ್ ಕದ್ದರು. ಕದ್ದವರು ಯಾರೆಂದು ಹೇಳದ ಆ ಕ್ರಿಯಾರೂಪ ಇಂಗ್ಲಿಷಿನ ‘ಗಾಟ್ ಸ್ಟೋಲನ್’ಗೆ ಸರಿಯಾಗಿ ಹೊಂದುತ್ತದೆ. ಅಲ್ಲಿ ‘ಸಾದ’ಕ್ಕೆ ಜಾಗವೇ ಇಲ್ಲ.

ನಿಘಂಟಿನ ವಿಷಯ. ಇಂಗ್ಲಿಷ್–ಫಿನ್ನಿಶ್ ನಿಘಂಟನ್ನು ಕ್ರಿಯಾಪದದ ಹೆಸರು ತಿಳಿಯಲಷ್ಟೇ ಬಳಸಿ. ಹೆಸರು ಸಿಕ್ಕ ಕೂಡಲೇ ಅದನ್ನು ‘ಕಿಯೆಲಿತೊಯ್ಮಿಸ್ತೊನ್ ಸನಕಿರ್‌ಯ’ದಲ್ಲಿ ನೋಡಿ. ಇದು ಫಿನ್ಲೆಂಡಿನ ದೇಶಭಾಷೆಗಳ ಸಂಸ್ಥೆ ‘ಕೊತುಸ್’ ತರುವ ಫಿನ್ನಿಶ್–ಫಿನ್ನಿಶ್ ನಿಘಂಟು, ಅಂತರ್ಜಾಲದಲ್ಲಿ ಉಚಿತ. ವಿವರಣೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಕೆಳಗೆ ಕೊಟ್ಟಿರುವ ಚಿಕ್ಕಚಿಕ್ಕ ಬಳಕೆಗಳನ್ನು ಓದಿ, ಯಾವ ಪ್ರತ್ಯಯದ ಜೊತೆ ಬಂದಿದೆ ಎಂದು ಗುರುತುಹಾಕಿ, ಪಕ್ಕದಲ್ಲಿ ಇಂಗ್ಲಿಷ್ ಬರೆಯದೆ ಕನ್ನಡ ವಾಕ್ಯವನ್ನೇ ಬರೆದಿಟ್ಟುಕೊಳ್ಳಿ. ಜೊತೆಗೆ ಸಾರ್ವಜನಿಕ ಪ್ರಸಾರ ಸಂಸ್ಥೆ ‘ಯುಲೆ’ ಸರಳ ಫಿನ್ನಿಶ್‌ನಲ್ಲಿ ಕೊಡುವ ವಾರ್ತೆಗಳನ್ನು ಕೇಳಿ. ಅವುಗಳ ಹೆಸರು ‘ಸೆಲ್ಕೊವೂತಿಸೆತ್’. ಅದರಲ್ಲಿ ‘ಸೈ’, ‘ಪ್ಯಾಸಿ’, ‘ಯೊವುತುಯಿ’, ‘ಯ್ಯಾಯಿ’ಗಳು ಮತ್ತೆಮತ್ತೆ ಕೇಳಿಬರುತ್ತವೆ. ಪ್ರತಿಸಲವೂ ವಾಕ್ಯ ಮುಗಿಯುವ ಮೊದಲೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ಆ ಕ್ರಿಯಾಪದದಿಂದ ಊಹಿಸಿ ನೋಡಿ. ‘ಯೊವುತುಯಿ’ ಕೇಳಿದ ಕೂಡಲೇ ‘ಅಯ್ಯೋ’ ಎನಿಸತೊಡಗಿದರೆ ಆ ಕ್ರಿಯಾಪದ ನಿಮ್ಮದಾದಂತೆ, ಪರೀಕ್ಷೆಯ ಬರವಣಿಗೆಯಲ್ಲಿ ಅದನ್ನು ಧೈರ್ಯವಾಗಿ ಬಳಸಿ.